ಮಳೆಗೋಸ್ಕರ ಉಳಿಸಿದ ಕಾಡು

ವೆಸ್ಟ್ ಇಂಡೀಸ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಕ್ರಿಕೆಟ್. ಲಾರಾ ಹುಟ್ಟಿದ ಟ್ರಿನಿಡಾಡ್ ಗೊತ್ತು; ಅದರ ಹೆಸರಿಗೆ ಬಾಲದ ಥರ ಅಂಟಿಕೊಂಡಿರೋ ಟೊಬೇಗೋ ಬಗ್ಗೆ ಅಷ್ಟಾಗಿ ಯಾರೂ ಮಾತಾಡಲ್ಲ. ಸುಮಾರು 300 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಅದರ ಬೆನ್ನೆಲುಬಿನಂತಿರುವ ಮೇನ್ ರಿಡ್ಜ್ ಬೆಟ್ಟಸಾಲಿನ ಕಾಡಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1776ರ ಏಪ್ರಿಲ್ 13ರಂದು! ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಳ್ಳೋಕೆ ಇನ್ನೂ ಎರಡು ತಿಂಗಳ ಮೇಲಿತ್ತು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಆಗಿದ್ದು 1872ರಲ್ಲಿ.

ಇಷ್ಟು ಹಿಂದೆಯೇ ಯಾರಿಗಪ್ಪಾ ಕಾಡಿನ ಮೇಲೆ ಪ್ರೀತಿ ಅಂತೀರಾ? ಪ್ರೀತಿ ಅಲ್ಲ, ಸಕ್ಕರೆ.

1763ರ ಪ್ಯಾರಿಸ್ ಒಪ್ಪಂದದಲ್ಲಿ ಟೊಬೇಗೋ ಬ್ರಿಟಿಷರ ಪಾಲಾಯಿತು. ಜಮೀನನ್ನು ತುಂಡು ತುಂಡು ಮಾಡಿ ಕಬ್ಬಿನ ತೋಟಗಳಿಗೆ ಮಾರತೊಡಗಿದರು. ಕಾಡು ಪೂರ್ತಿ ಬೋಳಾದರೆ ಕಬ್ಬಿಗೆ ಮಳೆ ಎಲ್ಲಿಂದ? ಇಂಗ್ಲೆಂಡಿನ ಪಾದ್ರಿ-ವಿಜ್ಞಾನಿ ಸ್ಟೀಫನ್ ಹೇಲ್ಸ್, ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡವನ್ನು ತೂಕ ಮಾಡಿ ಮಾಡಿ, ಬೇರು ಹೀರಿದ ನೀರು ಎಲೆಗಳಿಂದ ಆವಿಯಾಗಿ ಹೋಗೋದನ್ನ ಅಳೆದಿದ್ದರು. ಆ ಪುಸ್ತಕ 1727ರಲ್ಲೇ ಬಂದಿತ್ತು. ಅವರ ವಿಚಾರಗಳಿಂದ ಪ್ರಭಾವಿತನಾದ ಸಂಸದ ಸೋಮ್ ಜೆನಿನ್ಸ್ ಪಟ್ಟುಬಿಡದೆ ವಾದ ಮಾಡಿದ. ಕೊನೆಗೆ ಆದ ಕಾನೂನಿನ ಉದ್ದೇಶ ಸ್ಪಷ್ಟ: ಈ ಮರಗಳು ನಿಂತಿರಬೇಕು, ಮಳೆ ಬರಲಿಕ್ಕೆ. ಸುಮಾರು 4000 ಹೆಕ್ಟೇರ್ ಕಾಡು ಹೀಗೆ ಉಳೀತು.

ನನಗೆ ಖುಷಿಯ ಜೊತೆಗೇ ಕಸಿವಿಸಿ ಆಗೋದು ಇಲ್ಲೇ. ಆ ಮಳೆ ಬೀಳುತ್ತಿದ್ದ ಗದ್ದೆಗಳಲ್ಲಿ ಕಬ್ಬು ಕಡಿಯುತ್ತಿದ್ದವರು ಆಫ್ರಿಕಾದಿಂದ ಹಡಗಲ್ಲಿ ತುಂಬಿಕೊಂಡು ತಂದ ಗುಲಾಮರು. ಕಾನೂನು ಬರೋ ಮುಂಚಿನ ಐದಾರು ವರ್ಷಗಳಲ್ಲೇ ಅವರು ಮತ್ತೆ ಮತ್ತೆ ದಂಗೆ ಎದ್ದಿದ್ದರು. ಮರ ಕಡಿದರೆ ಅಪರಾಧ, ಮನುಷ್ಯನನ್ನು ಮಾರಿದರೆ ವ್ಯಾಪಾರ! ಎರಡೂ ಒಂದೇ ದ್ವೀಪದಲ್ಲಿ, ಒಂದೇ ಸರ್ಕಾರದ ಕೆಳಗೆ. ಗುಲಾಮಗಿರಿ ಪೂರ್ತಿ ಹೋಗೋಕೆ 1838 ಆಗಬೇಕಾಯ್ತು. ಪರಿಸರ ರಕ್ಷಣೆಯ ಹೆಮ್ಮೆಯ ಕಥೆ ಅಂತ ಇದನ್ನ ಹೇಳುವವರು ಈ ಭಾಗವನ್ನ ಯಾಕೋ ಬೇಗ ದಾಟಿಬಿಡ್ತಾರೆ.

ಆಮೇಲೆ ಸಕ್ಕರೆ ಉದ್ಯಮ ನೆಲಕಚ್ಚಿತು. ಕಾಡು ಮಾತ್ರ ಉಳೀತು. 1963ರಲ್ಲಿ ಫ್ಲೋರಾ ಚಂಡಮಾರುತ ಅಪ್ಪಳಿಸಿ ಸಾವಿರಾರು ಮರಗಳನ್ನು ಬೀಳಿಸಿತು. ಬಿಳಿ ಬಾಲದ ಸೇಬರ್‌ವಿಂಗ್ ಅನ್ನೋ ಹಮ್ಮಿಂಗ್‌ಬರ್ಡ್ ಟೊಬೇಗೋದಿಂದ ಅಳಿದೇ ಹೋಯ್ತು ಅಂದುಕೊಂಡಿದ್ದರು. 1974ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಈಗ ಗಿಲ್ಪಿನ್ ಟ್ರೇಸ್ ಅನ್ನೋ ಕಾಲುದಾರಿ ಹಿಡಿದು ನಡೆದರೆ, ಅದೃಷ್ಟವಿದ್ದವರಿಗೆ ಸಿಗುತ್ತಂತೆ :)