ಮರಳಿ ಕೂಡುವ ಪ್ರೇಮ: ಕಾದಂಬರಿ ಗೆಲ್ಲುವ ಬಗೆ

ಅಗಲಿದ ಪ್ರೇಮಿಗಳು ವರ್ಷಗಳ ನಂತರ ಒಂದಾಗುವ ಕಾದಂಬರಿಗೆ ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ 'ಸೆಕೆಂಡ್ ಚಾನ್ಸ್ ರೊಮ್ಯಾನ್ಸ್' ಎಂಬ ಹೆಸರಿದೆ. ಜೇನ್ ಆಸ್ಟಿನ್ ನಿಧನಾನಂತರ, 1817ರಲ್ಲಿ ಪ್ರಕಟವಾದ 'ಪರ್ಸುಯೇಷನ್' ಇದರ ಹಳೆಯ ಮಾದರಿ. ಹಿತೈಷಿಯ ಮಾತಿಗೆ ಮಣಿದು ನಿಶ್ಚಿತಾರ್ಥ ಮುರಿದ ಆನ್, ಎಂಟು ವರ್ಷಗಳ ಬಳಿಕ ವೆಂಟ್‌ವರ್ತ್‌ನನ್ನು ಮತ್ತೆ ಕಾಣುತ್ತಾಳೆ.

ಇಂಥ ಕಥೆಯಲ್ಲಿ ಅಗಲಿಕೆಯ ಕಾರಣ ಗಟ್ಟಿಯಾಗಿರಬೇಕು. ಒಂದು ದೂರವಾಣಿ ಕರೆಯಿಂದ ನಿವಾರಣೆಯಾಗುವ ತಪ್ಪು ತಿಳಿವಳಿಕೆಗಾಗಿ ವರ್ಷಗಟ್ಟಲೆ ದೂರ ಉಳಿದರೆಂದರೆ ಓದುಗರು ನಂಬಲಾರರು. ಜತೆಗೆ, ಪಾತ್ರಗಳು ಬದಲಾಗಿರುವುದು ನಡತೆಯಲ್ಲಿ ಕಾಣಬೇಕು. ಟಿಯಾ ವಿಲಿಯಮ್ಸ್ ಅವರ 'ಸೆವೆನ್ ಡೇಸ್ ಇನ್ ಜೂನ್' (2021) ಕಾದಂಬರಿಯ ಶೇನ್, ಕುಡಿತ ಬಿಟ್ಟ ಮೇಲೆಯೇ ಈವಾಳನ್ನು ಅರಸಿ ಬರುತ್ತಾನೆ. ನಡುವೆ ಕಳೆದ 15 ವರ್ಷಗಳು ಮರಳಿ ಬಾರವು. ಆ ನಷ್ಟದ ಅರಿವೇ ಪುನರ್ಮಿಲನಕ್ಕೆ ತೂಕ ನೀಡುತ್ತದೆ.