ಮನೋರೋಗಕ್ಕೆ ವಿಮೆ: ಮಲಗಿದರಷ್ಟೇ ಹಣ

ಜಗಳೂರು ತಾಲ್ಲೂಕಿನ ಗಡಿ ದಾಟಿದರೆ ಕೂಡ್ಲಿಗಿ. ಹಿಂದೆ ಅದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮನೋರೋಗಿಯನ್ನು ಬೆಂಗಳೂರಿಗೆ ಕರೆದೊಯ್ಯುವ ಬದಲು ಚಿಕಿತ್ಸೆಯನ್ನೇ ಊರಿಗೆ ತರುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಆರಂಭಿಸಿದ್ದು ಆ ಜಿಲ್ಲೆಯಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವಂತೆ ಮಾಡಲಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ.

ವಿಮಾ ಕಂಪನಿಗಳು ಮಾತ್ರ ಬಹುಕಾಲ ದೂರವೇ ಉಳಿದವು. ದೈಹಿಕ ಕಾಯಿಲೆಗಿರುವ ವಿಮೆ ಮನೋರೋಗಕ್ಕೂ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳಬೇಕಾಯಿತು. ಆದರೂ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದರಷ್ಟೇ ಹಣ ಕೊಡುತ್ತವೆ. ಖಿನ್ನತೆಯುಳ್ಳವರಲ್ಲಿ ಬಹುಪಾಲು ಜನ ದಾಖಲಾಗುವುದೇ ಇಲ್ಲ. ವೈದ್ಯರನ್ನು ಕಂಡು, ಮಾತ್ರೆ ತಂದು, ಮರುದಿನ ಹೊಲಕ್ಕಿಳಿಯುತ್ತಾರೆ. ವಿಮೆಯವರು ಮೊದಲು ಭರಿಸಬೇಕಾದದ್ದು ಆ ಮಾತ್ರೆಯ ಬಿಲ್ಲು, ಆಪ್ತಸಲಹೆಯ ಶುಲ್ಕ.