ಬಸುರಿ ಇರುವ ಮನೆಗೆ ಬಣ್ಣ ಹೊಡೆಸಬಾರದೇ? ಹೊಸ ಡಬ್ಬಿಗಿಂತ ಹಳೆಯ ಬಾಗಿಲ ಮೇಲೆ ಕಣ್ಣಿಡಿ

ಮನೆಯಲ್ಲಿ ಬಸುರಿ ಇರುವಾಗ ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಬಳಿಸಬಾರದು, ಹಾಗೆ ಮಾಡಿದರೆ ಮಗುವಿನ ತುಟಿ ಸೀಳುತ್ತದೆ ಎನ್ನುವ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಬಗೆಯ ಸಂದೇಶವೂ ಇದೆ: ಈಗಿನ ಬಣ್ಣದಲ್ಲಿ ವಿಷವೇ ಇಲ್ಲ, ವಾಸನೆ ಬರದ ಬಣ್ಣ ತಂದರೆ ಸಾಕು, ಕೋಣೆಯಲ್ಲಿ ಈರುಳ್ಳಿ ಹೆಚ್ಚಿಟ್ಟರೆ ಉಳಿದದ್ದನ್ನು ಅದು ಹೀರಿಕೊಳ್ಳುತ್ತದೆ ಎಂದು. ಎರಡೂ ಸರಿಯಲ್ಲ. ಮೊದಲನೆಯದು ಸುಮ್ಮನೆ ಹೆದರಿಸುತ್ತದೆ. ಎರಡನೆಯದು ಹೆದರಬೇಕಾದ ಕಡೆ ಧೈರ್ಯ ಹೇಳುತ್ತದೆ, ಹಾಗಾಗಿ ಅದೇ ಹೆಚ್ಚು ಅಪಾಯದ್ದು.

ಮೊದಲು ತುಟಿಯ ವಿಚಾರ ಮುಗಿಸಿಬಿಡೋಣ. ಹೊಟ್ಟೆಯಲ್ಲಿರುವ ಮಗುವಿನ ತುಟಿ ಗರ್ಭದ 4ರಿಂದ 7ನೇ ವಾರದೊಳಗೆ ಕೂಡಿಕೊಳ್ಳುತ್ತದೆ, ಅಂಗುಳ 9ನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಏಳನೇ ತಿಂಗಳಲ್ಲಿ ಗೋಡೆಗೆ ಹೊಡೆದ ಮೊಳೆ ಆಗಲೇ ಕೂಡಿಕೊಂಡ ತುಟಿಯನ್ನು ಸೀಳಲಾರದು. ಮೊದಲ ತಿಂಗಳಲ್ಲಿ ಹೊಡೆದರೂ ಸುತ್ತಿಗೆಗೂ ತುಟಿಗೂ ಸಂಬಂಧವಿಲ್ಲ. ಸೀಳುತುಟಿಗೆ ವಂಶವಾಹಿ, ತಾಯಿಯ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕೆಲವು ಔಷಧಿಗಳಂಥ ಬೇರೆಯೇ ಕಾರಣಗಳಿವೆ.

ಬಣ್ಣ ಹೊಡೆಸುವುದು ಯಾವಾಗ?

ಯಗಟಿ ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬಯಲುಸೀಮೆಯ ಇಂಥ ಊರುಗಳಲ್ಲಿ ಮಗುವಿಗೆಂದು ಬೇರೆ ಕೋಣೆ ಸಿಂಗರಿಸುವುದು ಕಡಿಮೆ. ಆದರೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಸೀಮಂತಕ್ಕೆ, ನಾಮಕರಣಕ್ಕೆ ನೆಂಟರು ಬರುತ್ತಾರೆಂದು ತವರಿನವರು ಮನೆಗೆ ಸುಣ್ಣಬಣ್ಣ ಮಾಡಿಸುತ್ತಾರೆ, ಬಾಗಿಲು ಕಿಟಕಿ ಉಜ್ಜಿಸಿ ಹೊಸ ಪೇಂಟ್ ಹೊಡೆಸುತ್ತಾರೆ, ಅಟ್ಟದ ಮೇಲಿದ್ದ ಹಳೆಯ ತೊಟ್ಟಿಲನ್ನು ಇಳಿಸಿ ಅದಕ್ಕೂ ಬಣ್ಣ ಕೊಡಿಸುತ್ತಾರೆ. ಬಸುರಿ ಮಗಳು ಅಷ್ಟು ಹೊತ್ತಿಗೆ ಮನೆಗೆ ಬಂದಾಗಿರುತ್ತದೆ. ತೊಂದರೆ ಇರುವುದು ಇಲ್ಲೇ.

ಗರ್ಭಿಣಿಯ ಗಂಡ ಮನೆ ಕಟ್ಟಬಾರದು, ಕ್ಷೌರ ಮಾಡಿಸಬಾರದು, ಹೆಣ ಹೊರಬಾರದು ಎಂಬ ಹಳೆಯ ಕಟ್ಟಳೆ ನಮ್ಮಲ್ಲಿದೆ. ಅದಕ್ಕೆ ಕೊಡುವ ಕಾರಣಗಳನ್ನು ನಾನು ಒಪ್ಪುವುದಿಲ್ಲ. ಆದರೆ ಬಸುರಿ ಇರುವ ಮನೆಯಲ್ಲಿ ಒಡೆಯುವ, ಕೆರೆಯುವ ಕೆಲಸ ಬೇಡ ಎಂಬಷ್ಟರ ಮಟ್ಟಿಗೆ ಅಜ್ಜಿಯ ಮಾತು ಕೇಳಿದರೆ ನಷ್ಟವೇನಿಲ್ಲ.

ವಾಸನೆ ಇಲ್ಲದ ವಿಷ

ಹೊಸ ಪೇಂಟಿನಿಂದ ಮೂಗಿಗೆ ಬಡಿಯುವುದು ಅದರೊಳಗಿನ ದ್ರಾವಕ. ಥಿನ್ನರ್, ಟರ್ಪೆಂಟೈನ್ ಬೆರೆಸಿದ ಎನಾಮಲ್ ಪೇಂಟಿನಲ್ಲಿ ಅದು ಹೆಚ್ಚು, ನೀರು ಬೆರೆಸುವ ಗೋಡೆ ಬಣ್ಣದಲ್ಲಿ ಕಡಿಮೆ. ಅದರಿಂದ ತಲೆನೋವು, ವಾಕರಿಕೆ ಬರಬಹುದು. ಕಿಟಕಿ ತೆರೆದಿಟ್ಟರೆ ದಿನ ಕಳೆದಂತೆ ಇಳಿಯುತ್ತದೆ. ಒಂದು ದಿನ ಪೇಂಟಿನ ವಾಸನೆ ಕುಡಿದಿದ್ದಕ್ಕೆ ಮಗುವಿಗೆ ಏನೋ ಆಗಿಹೋಯಿತು ಎಂದು ಕಂಗಾಲಾಗಬೇಕಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಗರ್ಭಿಣಿಯರಿಗೆ ಹೇಳುವುದೂ ಇದನ್ನೇ: ಈಗಿನ ಮನೆಬಳಕೆಯ ಬಣ್ಣದಿಂದ ಅಪಾಯ ತೀರಾ ಕಡಿಮೆ, ಆದರೆ ಹಳೆಯ ಬಣ್ಣ ಕೆರೆಯುವ ಕೆಲಸಕ್ಕೆ ಹೋಗಬೇಡಿ.

ಕೆರೆಯಬಾರದೇಕೆ ಎಂದರೆ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಸೀಸಕ್ಕೆ ವಾಸನೆ ಇಲ್ಲ. ಹಳದಿ, ಕಿತ್ತಳೆ, ಕೆಂಪು, ಹಸಿರು ಎನಾಮಲ್‌ಗಳಿಗೆ ಹೊಳಪು ಬರಲು, ಬೇಗ ಒಣಗಲು, ಕಬ್ಬಿಣದ ಸರಳು ತುಕ್ಕು ಹಿಡಿಯದಿರಲು ಅದನ್ನು ಬೆರೆಸುತ್ತಿದ್ದರು. ಬಣ್ಣ ಗಟ್ಟಿಯಾಗಿ ಅಂಟಿಕೊಂಡಿರುವ ತನಕ ಹೆಚ್ಚಿನ ತೊಂದರೆ ಇಲ್ಲ. ಉಪ್ಪುಕಾಗದ ಹಾಕಿ ಉಜ್ಜಿದರೆ ಅದು ಹಿಟ್ಟಿನಂಥ ಧೂಳಾಗಿ ನೆಲ, ಹಾಸಿಗೆ, ನೀರಿನ ಕೊಡದ ಮೇಲೆಲ್ಲ ಕೂರುತ್ತದೆ, ಅಲ್ಲಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ.

ಸೀಸಕ್ಕೂ ಕ್ಯಾಲ್ಸಿಯಂಗೂ ದೇಹ ಸರಿಯಾಗಿ ವ್ಯತ್ಯಾಸ ಮಾಡಲಾರದು. ಹೊಕ್ಕ ಸೀಸದ ಬಹುಪಾಲು ಮೂಳೆಗೆ ಸೇರಿ ವರ್ಷಗಟ್ಟಲೆ ಕೂತಿರುತ್ತದೆ. ಬಸುರಿಯಲ್ಲಿ ಮಗುವಿನ ಮೂಳೆ ಬೆಳೆಯಲು ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಹೊರಟಾಗ ಅದರ ಜೊತೆ ಈ ಸೀಸವೂ ರಕ್ತಕ್ಕೆ ಬರುತ್ತದೆ, ಮಾಸು ಅದನ್ನು ತಡೆಯುವುದಿಲ್ಲ. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕ, ಮುಂದೆ ಮಗುವಿನ ಕಲಿಕೆಗೆ ಪೆಟ್ಟು, ಇವೆಲ್ಲ ಸೀಸಕ್ಕೆ ತಳಕು ಹಾಕಿಕೊಂಡಿವೆ. ಇಷ್ಟರವರೆಗೆ ಇದ್ದರೆ ತೊಂದರೆಯಿಲ್ಲ ಎನ್ನುವಂಥ ಸುರಕ್ಷಿತ ಮಟ್ಟ ಸೀಸಕ್ಕಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಜೀವರಸಾಯನ ಪ್ರಾಧ್ಯಾಪಕ ತುಪ್ಪಿಲ್ ವೆಂಕಟೇಶ್ ನಮ್ಮ ದೇಶದಲ್ಲಿ ಈ ವಿಷಯವನ್ನು ಬಹಳ ಹಿಂದೆಯೇ ಎತ್ತಿಕೊಂಡವರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣದಿಂದ ಹೋಗಲು ಇನ್ನೂ ಹಲವು ವರ್ಷ ಹಿಡಿಯಿತು.

‘ನಮ್ಮದು ಹಳೆಯ ಮನೆಯಲ್ಲ’

ಇಂಗ್ಲಿಷ್ ಲೇಖನಗಳನ್ನು ಅನುವಾದಿಸಿದ ಸಂದೇಶಗಳು ಇಲ್ಲಿ ದಾರಿ ತಪ್ಪಿಸುತ್ತವೆ. 1978ಕ್ಕಿಂತ ಹಿಂದಿನ ಮನೆಯಾದರೆ ಮಾತ್ರ ಎಚ್ಚರ ಎಂದು ಅವು ಹೇಳುತ್ತವೆ. ಅದು ಅಮೆರಿಕ ಮನೆಬಣ್ಣದಲ್ಲಿ ಸೀಸ ನಿಷೇಧಿಸಿದ ವರ್ಷ. ಭಾರತದಲ್ಲಿ ನಿಯಮ ಹೊರಬಿದ್ದದ್ದು 2016ರ ನವೆಂಬರ್ 1ರಂದು, ಜಾರಿಯಾದದ್ದು ಸರಿಯಾಗಿ ಒಂದು ವರ್ಷದ ನಂತರ. ಅದರ ಪ್ರಕಾರ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಒಂದು ಕೆಜಿಗೆ 90 ಮಿಲಿಗ್ರಾಂ ಮೀರಬಾರದು. ಹಾಗಾಗಿ 2005ರಲ್ಲಿ ಕಟ್ಟಿದ ಆರ್‌ಸಿಸಿ ಮನೆಯ ಬಾಗಿಲೂ ಈ ಲೆಕ್ಕದಲ್ಲಿ ಹಳೆಯದೇ. ತಾಯಿ ಮಲಗಿದ್ದ ತೊಟ್ಟಿಲಲ್ಲೇ ಮಗುವೂ ಮಲಗುವುದಾದರೆ ಅದರ ಬಣ್ಣ ಖಂಡಿತ ಹಳೆಯದು. ಅದಕ್ಕೆ ನಾಲ್ಕಾರು ಪದರ ಬಣ್ಣ ಬಿದ್ದಿರುತ್ತದೆ, ಹಲ್ಲು ಬರುವ ಮಗು ಅದರ ಅಂಚನ್ನೇ ಕಚ್ಚುತ್ತದೆ.

ಹೊಸದಾಗಿ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ 90 ಪಿಪಿಎಂ ಮೀರಿಲ್ಲ ಎಂದು ಬರೆದಿದೆಯೇ ನೋಡಿ. ಕಾರ್ಖಾನೆ, ಯಂತ್ರಗಳಿಗೆಂದು ಮಾಡಿದ ಪೇಂಟಿಗೆ ಈ ನಿಯಮ ಅನ್ವಯಿಸುವುದಿಲ್ಲ. ಟ್ರ್ಯಾಕ್ಟರ್ ಟ್ರೈಲರಿಗೆ ತಂದು ಉಳಿದ ಪೇಂಟನ್ನು ತೊಟ್ಟಿಲಿಗೆ ಬಳಿಯಬೇಡಿ.

ಗೋಡೆಗೆ ಬರೀ ಸುಣ್ಣ ಬಳಿದಿದ್ದರೆ ಸೀಸದ ಚಿಂತೆ ಕಡಿಮೆ. ಸುಣ್ಣದ ಕಲ್ಲಿಗೆ ನೀರು ಹಾಕಿ ಅರಳಿಸುವಾಗ ಮಾತ್ರ ಕುದಿದು ಕಣ್ಣಿಗೆ ಸಿಡಿಯುತ್ತದೆ, ಬಸುರಿಯೂ ಮಕ್ಕಳೂ ದೂರವಿರಲಿ. ನೋಡಬೇಕಾದದ್ದು ಬಾಗಿಲು, ಕಿಟಕಿ, ಸರಳು, ಮಂಚ, ತೊಟ್ಟಿಲು.

ಕೆಲಸ ಮಾಡಿಸುವುದು ಹೇಗೆ?

ಆದಷ್ಟೂ ಮಗಳು ಬರುವ ಮೊದಲೇ ಮುಗಿಸಿ. ಆಗಲಿಲ್ಲವೇ, ಕೆಲಸ ಮುಗಿದು ಮನೆ ತೊಳೆಯುವವರೆಗೆ ಅವಳನ್ನು ನೆಂಟರ ಮನೆಯಲ್ಲಿ ಇರಿಸಿ. ಹಳೆಯ ಬಣ್ಣ ಏಳದೆ ಗಟ್ಟಿಯಾಗಿದ್ದರೆ ಕೆರೆಯದೆ ಅದರ ಮೇಲೇ ಹೊಸ ಬಣ್ಣ ಹೊಡೆಸಬಹುದು. ಎದ್ದಿರುವ ಕಡೆ ನೀರು ಚಿಮುಕಿಸಿ ಒದ್ದೆಯಲ್ಲೇ ಉಜ್ಜಲು ಹೇಳಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಲಿ. ಬ್ಲೋ ಲ್ಯಾಂಪಿನಿಂದ ಸುಡುವುದು ಬೇಡ. ಆಮೇಲೆ ಒಣ ಪೊರಕೆಯಲ್ಲಿ ಗುಡಿಸಿದರೆ ಧೂಳು ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ. ಈ ಕೆಲಸ ಬಸುರಿಯದಲ್ಲ. ಗಂಡನೇ ಪೇಂಟರ್ ಆಗಿದ್ದರೆ ಒಳಗೆ ಬರುವ ಮೊದಲು ಬಟ್ಟೆ ಬದಲಿಸಿ ಕೈಕಾಲು ತೊಳೆಯಲಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಲಿ.

ಇನ್ನು ಬಾಣಂತಿ ಕೋಣೆ. ಗಾಳಿ ಸೋಕಬಾರದೆಂದು ಕಿಟಕಿಗೆ ಬಟ್ಟೆ ತುರುಕಿ ತಿಂಗಳುಗಟ್ಟಲೆ ಮುಚ್ಚುವ ಕೋಣೆ ಅದು. ಇಡೀ ಮನೆಯಲ್ಲಿ ಪೇಂಟಿನ ಆವಿ, ಹೊಸ ಪ್ಲೈವುಡ್ ಬೀರುವಿನ ಅಂಟಿನ ಘಾಟು ಹೆಚ್ಚು ದಿನ ನಿಲ್ಲುವುದು ಅಲ್ಲೇ. ಕೊನೆ ಗಳಿಗೆಯಲ್ಲಿ ಬಣ್ಣ ಹೊಡೆಸುವುದಾದರೆ ಆ ಒಂದು ಕೋಣೆಯನ್ನು ಬಿಟ್ಟುಬಿಡಿ. ಈರುಳ್ಳಿ ಯಾವ ಆವಿಯನ್ನೂ ಎಳೆದುಕೊಳ್ಳುವುದಿಲ್ಲ, ತನ್ನ ವಾಸನೆಯನ್ನೂ ಸೇರಿಸುತ್ತದೆ ಅಷ್ಟೆ. ಮುಚ್ಚಿದ ಆ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಬಣ್ಣಕ್ಕಿಂತ ದೊಡ್ಡ ಅಪಾಯ. ಅದರಿಂದ ಬರುವ ಇಂಗಾಲದ ಮಾನಾಕ್ಸೈಡಿಗೂ ವಾಸನೆ ಇಲ್ಲ, ತಾಯಿ-ಮಗು ಮಲಗಿದಲ್ಲೇ ಪ್ರಾಣ ಹೋಗಬಹುದು.

ಈಗಾಗಲೇ ಮನೆಯಲ್ಲಿ ಕೆರೆದಾಗಿದ್ದರೆ? ಒದ್ದೆ ಬಟ್ಟೆಯಲ್ಲಿ ಒರೆಸಿ, ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತಿಳಿಸಿ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಬಹುದು, ಬೇಕೇ ಬೇಡವೇ ಎಂದು ಅವರು ಹೇಳುತ್ತಾರೆ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದ್ದರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಪ್ಪಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಡಬ್ಬಿಯಲ್ಲೇ ಉಳಿಸಬೇಡಿ. ಇವೆರಡೂ ಕಡಿಮೆಯಾದ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಬಿಡಿ.

ಕೊನೆಯದಾಗಿ, ಯಾವ ಸಂದೇಶದಲ್ಲೂ ನಾನು ಕಾಣದ ಒಂದು ವಿಷಯ. ಹೊಸ ಕಿಟಕಿ ಕೂರಿಸಿದ ಮೇಲೆ ಹಳೆಯ ಚೌಕಟ್ಟನ್ನು ಸೀಳಿ, ಬಾಣಂತಿಯ ಸ್ನಾನಕ್ಕೆ ಹಂಡೆ ಒಲೆಗೆ ಹಾಕುವ ಮನೆಗಳಿವೆ. ಬಣ್ಣ ಉರಿದರೂ ಸೀಸ ಉರಿದು ಹೋಗುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಇರುತ್ತದೆ. ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಾರೆ.